ನೈಸಿಯಾ ಸಭೆಯಲ್ಲಿ ಬೈಬಲ್ ತಯಾರಾಯಿತೇ?

ಪ್ರಶ್ನೆ: ಕ್ರಿ.ಶ. 325ರಲ್ಲಿ ನೈಸಿಯಾ ಎಂಬ ಊರಿನಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪರನ್ನೆಲ್ಲ ಸೇರಿಸಿದ, ಹತ್ತಾರು ಸುವಾರ್ತೆಗಳಲ್ಲಿ (ಯೇಸುವಿನ ಬದುಕು-ಬೋಧನೆಯ ಪುಸ್ತಕಗಳಲ್ಲಿ) ತನಗೆ ಬೇಕಾದ ನಾಲ್ಕನ್ನು ಆರಿಸಿ ಉಳಿದದ್ದನ್ನು ಸುಡಿಸಿದ ಎಂದು ವಾಟ್ಸಾಪಿನಲ್ಲಿ ಬಂದ ಬರಹವೊಂದರಲ್ಲಿ ಓದಿದೆ. ಇದು ನಿಜವೇ? ಯೇಸು ತೀರಿಕೊಂಡ ಎಷ್ಟು ಕಾಲದ ಮೇಲೆ ಈ ಪುಸ್ತಕಗಳು ಬರೆಯಲ್ಪಟ್ಟವು? ಇನ್ನೊಂದು ಸಂಶಯ: ಒಬ್ಬ ಗೆಳೆಯನ ಮನೆಯ ಬೈಬಲಿನಲ್ಲಿ 66 ಪುಸ್ತಕಗಳಿವೆ, ಇನ್ನೊಬ್ಬನ ಮನೆಯದರಲ್ಲಿ 73. ಯಾವುದು ಸರಿ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ನಿಜವಲ್ಲ. ನೈಸಿಯಾದಲ್ಲಿ ಸಭೆ ನಡೆದದ್ದು ಹೌದು. ಕರೆಸಿದವನು ಕಾನ್‌ಸ್ಟಂಟೈನ್ ಎನ್ನುವುದೂ ಹೌದು. ಊರು ಇವತ್ತಿನ ಟರ್ಕಿಯ ಇಜ್ನಿಕ್. ಆದರೆ ಬಿಷಪರು ಅಲ್ಲಿ ಜಗಳವಾಡಿದ್ದು ಬೇರೆ ವಿಷಯಕ್ಕೆ. ಅಲೆಕ್ಸಾಂಡ್ರಿಯಾದ ಆರಿಯಸ್ ಎಂಬ ಪಾದ್ರಿ, ದೇವರ ಮಗನಾದ ಯೇಸು ತಂದೆಯ ಹಾಗೆ ಅನಾದಿಯಲ್ಲ, ಅವನೂ ಉಂಟಾದವನೇ ಎಂದು ಬೋಧಿಸುತ್ತಿದ್ದ. ಅದನ್ನು ಒಪ್ಪಬೇಕೋ ಬೇಡವೋ ಎಂಬುದೇ ಮುಖ್ಯ ಚರ್ಚೆ. ಒಪ್ಪಲಿಲ್ಲ. ಅದರ ಜೊತೆಗೆ ಈಸ್ಟರ್ ಹಬ್ಬವನ್ನು ಎಲ್ಲರೂ ಒಂದೇ ದಿನ ಆಚರಿಸಬೇಕು ಎಂದು ತೀರ್ಮಾನವಾಯಿತು. 20 ನಿಯಮಗಳನ್ನೂ ಬರೆದರು. ಒಂದು ಊರಿನ ಬಿಷಪ್ ಇನ್ನೊಂದು ಊರಿಗೆ ಹೋಗಿ ಕೂರಬಾರದು, ಪಾದ್ರಿಗಳು ಬಡ್ಡಿ ವ್ಯವಹಾರ ಮಾಡಬಾರದು, ಇಂಥವು. ಸಭೆಯ ವಿಶ್ವಾಸದ ಪ್ರಮಾಣ, ಈ ನಿಯಮಗಳು, ಕೆಲವು ಪತ್ರಗಳು ಉಳಿದು ಬಂದಿವೆ. ಅವುಗಳಲ್ಲಿ ಎಲ್ಲಿಯೂ ಬೈಬಲಿನ ಪುಸ್ತಕಗಳ ಪಟ್ಟಿ ಇಲ್ಲ.

ಹಾಗಾದರೆ ಈ ಕಥೆ ಎಲ್ಲಿಂದ ಬಂತು? ಸಭೆ ಮುಗಿದು ಐನೂರು ವರ್ಷಗಳ ಮೇಲೆ ಬರೆದ ಒಂದು ಗ್ರೀಕ್ ಪುಸ್ತಕದಲ್ಲಿ ಒಂದು ದಂತಕಥೆ ಇದೆ. ಬಿಷಪರು ಎಲ್ಲ ಪುಸ್ತಕಗಳನ್ನೂ ಬಲಿಪೀಠದ ಪಕ್ಕ ಇಟ್ಟು ಪ್ರಾರ್ಥಿಸಿದರಂತೆ. ನಿಜವಾದವು ಮೇಲೆ ಉಳಿದವಂತೆ, ಸುಳ್ಳು ಪುಸ್ತಕಗಳು ಕೆಳಗೆ ಸೇರಿದವಂತೆ. 18ನೇ ಶತಮಾನದಲ್ಲಿ ಫ್ರಾನ್ಸಿನ ವೋಲ್ತೇರ್ ಇದನ್ನು ಹಿಡಿದು ಚರ್ಚನ್ನು ಗೇಲಿ ಮಾಡಿದ. 2003ರಲ್ಲಿ ಬಂದ ಒಂದು ಇಂಗ್ಲಿಷ್ ಥ್ರಿಲ್ಲರ್ ಕಾದಂಬರಿ ಅದಕ್ಕೆ ಹೊಸ ಬಣ್ಣ ಬಳಿದು ಲೋಕಕ್ಕೆಲ್ಲ ಹಂಚಿತು. ಈಗ ಅದು ನಿಮ್ಮ ಫೋನಿಗೆ ಬಂದಿದೆ.

ಆದರೆ ಬೆಂಕಿ ಇಲ್ಲದೆ ಹೊಗೆ ಇಲ್ಲ ಅನ್ನುತ್ತೀರಾ? ಸ್ವಲ್ಪ ಬೆಂಕಿ ಇತ್ತು. ಸಭೆಯ ನಂತರ ಆರಿಯಸ್ಸನ ಬರಹಗಳನ್ನು ಸುಡಬೇಕು, ಬಚ್ಚಿಟ್ಟವರಿಗೆ ಮರಣದಂಡನೆ ಎಂದು ಕಾನ್‌ಸ್ಟಂಟೈನ್ ಆಜ್ಞೆ ಹೊರಡಿಸಿದ. ಅವು ಸುವಾರ್ತೆಗಳಲ್ಲ, ಒಬ್ಬ ಪಾದ್ರಿಯ ಬರಹಗಳು. ಆದರೂ ಇದು ಚಕ್ರವರ್ತಿಗೆ ಶೋಭೆ ತರುವ ಕೆಲಸವಲ್ಲ. ಮುಂದೆ ಅವನೇ ತನ್ನ ಹೊಸ ರಾಜಧಾನಿಯ ಚರ್ಚುಗಳಿಗೆ 50 ಬೈಬಲ್ ಪ್ರತಿಗಳನ್ನು ಬರೆಸಿ ಕಳಿಸು ಎಂದು ಕೈಸರೈಯದ ಬಿಷಪ್ ಯೂಸೀಬಿಯಸ್‌ಗೆ ಹೇಳಿದ. ಒಳ್ಳೆಯ ಚರ್ಮದ ಹಾಳೆಯಲ್ಲಿ, ಓದಲು ಸುಲಭವಾಗಿ ಇರಲಿ ಎಂದ. ಯಾವ ಪುಸ್ತಕ ಸೇರಿಸಬೇಕು, ಯಾವುದು ಬಿಡಬೇಕು ಎಂದು ಹೇಳಲಿಲ್ಲ. ಆ ಕೆಲಸ ಅಷ್ಟು ಹೊತ್ತಿಗೆ ಬಹುಪಾಲು ಮುಗಿದಿತ್ತು. ಮುಗಿಸಿದವರು ಯಾರು ಎಂಬುದೇ ನಿಜವಾದ ಪ್ರಶ್ನೆ.

ಶುರುವಿನಿಂದ ನೋಡೋಣ. ಯೇಸು ಏನನ್ನೂ ಬರೆದಿಡಲಿಲ್ಲ. ಪೊಂತ್ಯ ಪಿಲಾತ ಯೂದಾಯವನ್ನು ಆಳುತ್ತಿದ್ದ ಕಾಲದಲ್ಲಿ, ಅಂದರೆ 26ರಿಂದ 36ರ ನಡುವೆ, ಅವರನ್ನು ಶಿಲುಬೆಗೆ ಹಾಕಿದರು. ಹೆಚ್ಚಿನ ವಿದ್ವಾಂಸರು ಒಪ್ಪುವ ವರ್ಷ 30, ಇಲ್ಲವೇ 33. ಮೊದಲ ಶಿಷ್ಯರೆಲ್ಲ ಯೆಹೂದ್ಯರು. ಅವರಿಗೆ ಧರ್ಮಗ್ರಂಥ ಆಗಲೇ ಇತ್ತು: ಮೋಶೆಯ ಪುಸ್ತಕಗಳು, ಪ್ರವಾದಿಗಳು, ಕೀರ್ತನೆಗಳು. ಇನ್ನೊಂದು ಗ್ರಂಥ ಬೇಕು ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಯೇಸು ಬೇಗ ಮರಳಿ ಬರುತ್ತಾರೆ ಎಂದು ಕಾಯುತ್ತಿದ್ದವರು ಪುಸ್ತಕ ಬರೆಯಲು ಕೂರುತ್ತಾರಾ?

ಮೊದಲು ಬಂದದ್ದು ಪತ್ರಗಳು. ಬರೆದವನು ಊರೂರು ಸುತ್ತಿ ಯೇಸುವನ್ನು ಸಾರಿದ ಪೌಲ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ತೆರೆದರೆ ಮುಂದೆ ಕಾಣುವುದು ಮತ್ತಾಯನ ಸುವಾರ್ತೆ. ಅದರಿಂದ ಸುವಾರ್ತೆಗಳೇ ಹಳೆಯವು ಎಂದು ಅನ್ನಿಸುತ್ತದೆ, ಅಲ್ವಾ? ಆದರೆ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ ಸುಮಾರು ಕ್ರಿ.ಶ. 50ರದ್ದು. ಇದನ್ನು ಹೇಗೆ ಹೇಳುತ್ತೇವೆ? ಪೌಲ ಕೊರಿಂಥದಲ್ಲಿದ್ದಾಗ ಅವನನ್ನು ಗಲ್ಲಿಯೋನ ಎಂಬ ರೋಮನ್ ಅಧಿಕಾರಿಯ ಮುಂದೆ ನಿಲ್ಲಿಸಿದರು ಎಂದು 'ಅಪೊಸ್ತಲರ ಕೃತ್ಯಗಳು' (ಅಪೊಸ್ತಲರು ಎಂದರೆ ಯೇಸುವಿನ ಮುಖ್ಯ ಶಿಷ್ಯರು) ಎಂಬ ಪುಸ್ತಕದ 18ನೇ ಅಧ್ಯಾಯ ಹೇಳುತ್ತದೆ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಒಂದು ಶಾಸನದಲ್ಲಿ ಅದೇ ಗಲ್ಲಿಯೋನನ ಹೆಸರಿದೆ. ಅದರಿಂದ ಅವನು ಅಲ್ಲಿ ಅಧಿಕಾರದಲ್ಲಿ ಇದ್ದದ್ದು 51-52ರ ಸುಮಾರಿಗೆ ಎಂದು ಗೊತ್ತಾಗುತ್ತದೆ. ಪೌಲನ ಬದುಕಿನ ಉಳಿದ ಲೆಕ್ಕವನ್ನೆಲ್ಲ ಈ ಒಂದು ಕಲ್ಲಿನಿಂದ ಹಿಂದಕ್ಕೂ ಮುಂದಕ್ಕೂ ಎಣಿಸುತ್ತಾರೆ.

ಪೌಲನ ಹೆಸರಿನಲ್ಲಿ 13 ಪತ್ರಗಳಿವೆ. ಅವುಗಳಲ್ಲಿ 7 ಖಂಡಿತ ಅವನವೇ ಎಂದು ಎಲ್ಲ ಬಗೆಯ ವಿದ್ವಾಂಸರೂ ಒಪ್ಪುತ್ತಾರೆ. ಉಳಿದವುಗಳ ಬಗ್ಗೆ ವಾದ ಇದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯವನ್ನು ದಯವಿಟ್ಟು ಓದಿ. ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಕೇಫನಿಗೆ (ಶಿಷ್ಯ ಪೇತ್ರನಿಗೆ) ಕಾಣಿಸಿಕೊಂಡನು ಎಂದು ಪೌಲ ಸಾಲಾಗಿ ಹೇಳುತ್ತಾನೆ. ಇದು ತಾನು ಕಟ್ಟಿದ ಮಾತಲ್ಲ, ತನಗೆ ಬೇರೆಯವರು ಕೊಟ್ಟದ್ದು ಎಂದೂ ಹೇಳುತ್ತಾನೆ. ಪತ್ರ ಬರೆದದ್ದು 50ರ ದಶಕದ ನಡುವೆ. ಅಂದಮೇಲೆ ಬಾಯಿಪಾಠದ ಈ ಸಾಲುಗಳು ಅದಕ್ಕಿಂತ ಹಳೆಯವು. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಕ್ರೈಸ್ತ ನಂಬಿಕೆಯ ತಿರುಳು ಮುನ್ನೂರು ವರ್ಷಗಳ ಮೇಲೆ ಅರಮನೆಯಲ್ಲಿ ಹುಟ್ಟಿತು ಎನ್ನುವವರು ಈ ಒಂದು ಅಧ್ಯಾಯಕ್ಕೆ ಉತ್ತರ ಕೊಡಬೇಕಾಗುತ್ತದೆ.

ಸುವಾರ್ತೆಗಳು ಇದರ ನಂತರ ಬಂದವು. ಹೆಚ್ಚಿನ ವಿದ್ವಾಂಸರ ಪ್ರಕಾರ ಮಾರ್ಕನದು ಮೊದಲನೆಯದು, ಸುಮಾರು 70ರ ಆಸುಪಾಸಿನದು. ಅದೇ ವರ್ಷ ರೋಮನ್ ಸೈನ್ಯ ಯೆರೂಸಲೇಮನ್ನು ಹಿಡಿದು ದೇವಾಲಯವನ್ನು ನಾಶ ಮಾಡಿತು. ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ಬರೆದಿಡಬೇಕು ಎಂಬ ಅವಸರ ಹುಟ್ಟಿದ್ದು ಆಗ. ಮತ್ತಾಯ, ಲೂಕ 80-90ರ ಸುಮಾರಿಗೆ, ಯೋಹಾನ ಶತಮಾನದ ಕೊನೆಗೆ. ಇದಕ್ಕಿಂತ ಮೊದಲೇ ಎನ್ನುವವರೂ ಇದ್ದಾರೆ. ನಾಲ್ಕು ಪುಸ್ತಕಗಳಲ್ಲಿ ಯಾವುದರ ಒಳಗೂ 'ಇದನ್ನು ಬರೆದ ನಾನು ಇಂಥವನು' ಎಂದು ಹೆಸರು ಹೇಳಿಕೊಂಡಿಲ್ಲ. ಹೆಸರುಗಳು ತಲೆಬರಹದಲ್ಲಿವೆ, ಸಂಪ್ರದಾಯದಲ್ಲಿವೆ. ಲೂಕನಂತೂ ಮೊದಲ ಸಾಲುಗಳಲ್ಲೇ ಬಾಯಿಬಿಟ್ಟು ಹೇಳುತ್ತಾನೆ: ಈಗಾಗಲೇ ಅನೇಕರು ಬರೆದಿದ್ದಾರೆ, ನಾನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು. ನನಗೆ ಆ ಪೀಠಿಕೆ ಬಹಳ ಇಷ್ಟ. ಆಕಾಶದಿಂದ ಇಳಿದ ಪುಸ್ತಕ ಎಂದು ಅವನು ಹೇಳಿಕೊಳ್ಳುವುದೇ ಇಲ್ಲ.

ಇನ್ನು ಇವು ಊರಿಂದ ಊರಿಗೆ ಹೇಗೆ ಹೋದವು ಎಂಬುದು ಮುಖ್ಯ. ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಒಂದು ಸೂಚನೆ ಇದೆ. ಈ ಪತ್ರ ಓದಿದ ಮೇಲೆ ಲವೊದಿಕೀಯ ಊರಿನ ಚರ್ಚಿನಲ್ಲೂ ಓದಿಸಿ, ಅಲ್ಲಿಂದ ಬರುವ ಪತ್ರವನ್ನು ನೀವೂ ಓದಿ ಎಂದು. ಹೀಗೆ ಪ್ರತಿ ಮಾಡಿಕೊಳ್ಳುತ್ತ ಕೈಯಿಂದ ಕೈಗೆ ಹೋಯಿತು. ಲವೊದಿಕೀಯದ ಆ ಪತ್ರ ಮಾತ್ರ ನಮಗೆ ಸಿಕ್ಕಿಲ್ಲ. ಕೊರಿಂಥದವರಿಗೆ ಇನ್ನೂ ಮೊದಲು ಒಂದು ಪತ್ರ ಬರೆದಿದ್ದೆ ಎಂದು ಪೌಲನೇ ಹೇಳುತ್ತಾನೆ. ಅದೂ ಕಳೆದುಹೋಗಿದೆ. ಯಾರೂ ಸುಡಲಿಲ್ಲ, ಯಾರೂ ನಿಷೇಧಿಸಲಿಲ್ಲ. ಪ್ರತಿ ಮಾಡುವವರು ಸಿಗಲಿಲ್ಲ, ಅಷ್ಟೇ. ಮುದ್ರಣ ಇಲ್ಲದ ಕಾಲದಲ್ಲಿ ಒಂದು ಪುಸ್ತಕವನ್ನು ಕೊಲ್ಲಲು ಬೆಂಕಿ ಬೇಕಿರಲಿಲ್ಲ. ಸುಮ್ನೆ ಬಿಟ್ಟರೆ ಸಾಕಿತ್ತು.

ಸುಮಾರು 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್, ಭಾನುವಾರದ ಕೂಟ ಹೇಗೆ ನಡೆಯುತ್ತದೆ ಎಂದು ವಿವರಿಸುತ್ತಾನೆ. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಓದುತ್ತಾರೆ, ಆಮೇಲೆ ಹಿರಿಯರು ಬೋಧಿಸುತ್ತಾರೆ ಎನ್ನುತ್ತಾನೆ. ನನ್ನ ದೃಷ್ಟಿಯಲ್ಲಿ ಹೊಸ ಒಡಂಬಡಿಕೆ ತಯಾರಾದದ್ದು ಇಲ್ಲಿ, ವಾರವಾರದ ಈ ಓದಿನಲ್ಲಿ. ಯಾವುದನ್ನು ಕೂಟದಲ್ಲಿ ಗಟ್ಟಿಯಾಗಿ ಓದಬಹುದು? ಇದೊಂದೇ ಪ್ರಶ್ನೆ ಎಲ್ಲ ಊರುಗಳಲ್ಲೂ ಮತ್ತೆ ಮತ್ತೆ ಎದ್ದಿತು.

ಎಬ್ಬಿಸಿದವರಲ್ಲಿ ದೊಡ್ಡವನು ಮಾರ್ಸಿಯೋನ. ಕಪ್ಪು ಸಮುದ್ರದ ದಡದವನು, ಹಡಗು ಇಟ್ಟುಕೊಂಡಿದ್ದ ಶ್ರೀಮಂತ. ಯೆಹೂದ್ಯರ ಗ್ರಂಥದ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದ. ಹಳೆಯ ಒಡಂಬಡಿಕೆಯನ್ನು ಪೂರ್ತಿ ಕೈಬಿಟ್ಟ. ಲೂಕನ ಸುವಾರ್ತೆಯನ್ನು ಕತ್ತರಿಸಿ ಇಟ್ಟುಕೊಂಡ, ಜೊತೆಗೆ ಪೌಲನ ಹತ್ತು ಪತ್ರ. ಸುಮಾರು 144ರಲ್ಲಿ ರೋಮಿನ ಚರ್ಚು ಅವನನ್ನು ಹೊರಹಾಕಿತು. ಕ್ರೈಸ್ತ ಪುಸ್ತಕಗಳು ಇಷ್ಟೇ ಎಂದು ಗೆರೆ ಎಳೆದ ಮೊದಲ ಪಟ್ಟಿ ಬಂದದ್ದು ಪಂಥದಿಂದ ಹೊರಗಾದವನಿಂದ! ಇನ್ನೊಂದು ತುದಿಯಲ್ಲಿ ತತಿಯಾನ್ ಇದ್ದ. ಅವನು ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಕಥೆ ಮಾಡಿದ. ಸಿರಿಯಾದ ಚರ್ಚುಗಳಲ್ಲಿ ಅದು ಎಷ್ಟು ಜನಪ್ರಿಯವಾಯಿತೆಂದರೆ 5ನೇ ಶತಮಾನದಲ್ಲಿ ಬಿಷಪ್ ಥಿಯೋಡೊರೆಟ್ ತನ್ನ ಸೀಮೆಯೊಂದರಲ್ಲೇ ಇನ್ನೂರಕ್ಕೂ ಜಾಸ್ತಿ ಪ್ರತಿಗಳನ್ನು ಒಟ್ಟುಮಾಡಿ ತೆಗೆದುಹಾಕಬೇಕಾಯಿತು. ಒಂದೂ ಅಲ್ಲ, ಹೆಣೆದದ್ದೂ ಅಲ್ಲ, ನಾಲ್ಕೇ ಬೇಕು ಎಂದು ಗಟ್ಟಿಯಾಗಿ ವಾದಿಸಿದವನು ಇಂದಿನ ಫ್ರಾನ್ಸಿನ ಲಿಯೋನ್‌ನ ಬಿಷಪ್ ಐರೇನಿಯಸ್, ಸುಮಾರು 180ರಲ್ಲಿ. ದಿಕ್ಕು ನಾಲ್ಕು, ಗಾಳಿ ನಾಲ್ಕು, ಹಾಗಾಗಿ ಸುವಾರ್ತೆಯೂ ನಾಲ್ಕು ಎನ್ನುವುದು ಅವನ ಒಂದು ಕಾರಣ. ಕಾರಣ ಬಡವಾಗಿದೆ, ನಿಜ. ಆದರೆ ನೈಸಿಯಾಕ್ಕಿಂತ 145 ವರ್ಷ ಮೊದಲೇ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಹೆಸರು ಕೂತುಬಿಟ್ಟಿದ್ದವು ಎಂಬುದಕ್ಕೆ ಅವನೇ ಸಾಕ್ಷಿ.

ನನಗೆ ತುಂಬ ಹಿಡಿಸಿದ ಪ್ರಸಂಗ ಸೆರಾಪಿಯೋನನದು. ಸುಮಾರು 200ರಲ್ಲಿ ಅಂತಿಯೋಕ್ಯದ ಬಿಷಪ್. ಅವನ ಸೀಮೆಯ ರೋಸಸ್ ಎಂಬ ಊರಿನ ಕ್ರೈಸ್ತರು 'ಪೇತ್ರನ ಸುವಾರ್ತೆ' ಎಂಬ ಪುಸ್ತಕ ಓದುತ್ತಿದ್ದರು. ಅದರ ಮೇಲೆ ಊರಿನಲ್ಲಿ ಜಗಳ. ಸೆರಾಪಿಯೋನ ಪುಸ್ತಕವನ್ನು ಓದಿ ನೋಡದೆಯೇ, ಇದೇ ತಕರಾರಾದರೆ ಓದಿಕೊಳ್ಳಲಿ ಬಿಡಿ ಎಂದು ಬಂದುಬಿಟ್ಟ. ಆಮೇಲೆ ದೂರು ಬಂತು. ಒಂದು ಪ್ರತಿ ತರಿಸಿ ಓದಿದ. ಬಹುಪಾಲು ಸರಿಯಾಗೇ ಇದೆ, ಆದರೆ ಕೆಲವು ಸೇರಿಸಿದ ಮಾತುಗಳಿವೆ ಎಂದು ಪತ್ರ ಬರೆದು ಅನುಮತಿ ಹಿಂತೆಗೆದುಕೊಂಡ. ಪೇತ್ರನ ಹೆಸರಿದೆ ಎಂದಮಾತ್ರಕ್ಕೆ ಒಪ್ಪಲಿಲ್ಲ. ಚಕ್ರವರ್ತಿಯೂ ಇಲ್ಲ, ಮತದಾನವೂ ಇಲ್ಲ, ಒಂದು ಊರಿನ ತಂಟೆ ಮತ್ತು ಒಬ್ಬ ಗಡಿಬಿಡಿಯ ಬಿಷಪ್. ಆ ಪುಸ್ತಕದ ಒಂದು ಭಾಗ 1886-87ರ ಚಳಿಗಾಲದಲ್ಲಿ ಈಜಿಪ್ಟಿನ ಅಖ್ಮೀಮ್‌ನಲ್ಲಿ ಸಿಕ್ಕಿತು. ಅದರಲ್ಲಿ ಸಮಾಧಿಯಿಂದ ಹೊರಬಂದವರ ಹಿಂದೆ ಶಿಲುಬೆಯೂ ನಡೆದು ಬರುತ್ತದೆ, ಕೇಳಿದ ಪ್ರಶ್ನೆಗೆ ಉತ್ತರವನ್ನೂ ಕೊಡುತ್ತದೆ.

ಬೈಬಲಿನ ಪುಸ್ತಕಗಳನ್ನೇ ಸುಡಿಸಿದ ಚಕ್ರವರ್ತಿ ಬೇಕೆಂದರೆ ಒಬ್ಬನಿದ್ದಾನೆ. ಕಾನ್‌ಸ್ಟಂಟೈನ್ ಅಲ್ಲ, ಅವನಿಗಿಂತ ಮೊದಲಿನ ಡಯೋಕ್ಲೇಶಿಯನ್. 303ರಲ್ಲಿ ಕ್ರೈಸ್ತರ ಗ್ರಂಥಗಳನ್ನು ಹುಡುಕಿ ಸುಡಬೇಕೆಂದು ಆಜ್ಞೆ ಮಾಡಿದ. ಆ ವರ್ಷದ ಮೇ 19ರಂದು ಉತ್ತರ ಆಫ್ರಿಕಾದ ಸಿರ್ಟಾ ಊರಿನಲ್ಲಿ ನಡೆದ ಜಪ್ತಿಯ ದಾಖಲೆ ಉಳಿದು ಬಂದಿದೆ. ಥೇಟ್ ನಮ್ಮ ಪಂಚನಾಮೆಯ ಧಾಟಿ. ಕ್ರೈಸ್ತರು ಸೇರುತ್ತಿದ್ದ ಮನೆಯಲ್ಲಿ ಸಿಕ್ಕಿದ್ದು: ಚಿನ್ನದ ಪಾನಪಾತ್ರೆ 2, ಬೆಳ್ಳಿಯವು 6, ದೀಪಗಳು, ಹೆಂಗಸರ ಅಂಗಿ 82, ಹೆಂಗಸರ ಚಪ್ಪಲಿ 47 ಜೊತೆ. ಬಡವರಿಗೆ ಕೊಡಲು ಇಟ್ಟ ಬಟ್ಟೆಬರೆ ಇರಬೇಕು. ಪುಸ್ತಕ ಎಲ್ಲಿ ಎಂದರೆ ಒಂದೇ ಒಂದು ದೊಡ್ಡ ಪುಸ್ತಕ ತಂದುಕೊಟ್ಟರು. ಉಳಿದವು? ಕೂಟದಲ್ಲಿ ಓದುವವರ ಹತ್ತಿರ ಇವೆ. ಅವರು ಯಾರು? ನಾವು ಹೇಳುವುದಿಲ್ಲ. ಆದರೂ ಹೆಸರುಗಳು ಹೊರಬಂದವು. ಅಧಿಕಾರಿಗಳು ಮನೆಮನೆ ಸುತ್ತಿದರು. ಒಬ್ಬನ ಮನೆಯಲ್ಲಿ 4 ಪುಸ್ತಕ, ಕಲ್ಲುಚೂರಿನ ಚಿತ್ತಾರ ಮಾಡುವ ಕುಶಲಕರ್ಮಿಯ ಮನೆಯಲ್ಲಿ 5, ಇನ್ನೊಬ್ಬನಲ್ಲಿ 8. ಗಂಡ ಇಲ್ಲದ ಹೊತ್ತಿನಲ್ಲಿ ಒಬ್ಬಳು ಹೆಂಡತಿ 6 ಪುಸ್ತಕ ತಂದುಕೊಟ್ಟಳು.

ಈ ದಾಖಲೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ನೈಸಿಯಾಕ್ಕೆ 22 ವರ್ಷ ಮೊದಲು ಬೈಬಲ್ ಎಂದರೆ ಹೀಗಿತ್ತು: ಒಂದೇ ರಟ್ಟಿನೊಳಗಿನ ಒಂದು ಗ್ರಂಥವಲ್ಲ, ಓದುವವರ ಮನೆಗಳಲ್ಲಿ ಹಂಚಿಹೋಗಿದ್ದ ಬಿಡಿ ಪುಸ್ತಕಗಳು. ಮತ್ತೆ, ಯಾವ ಪುಸ್ತಕ ಒಪ್ಪಿಸಿದರೆ ದ್ರೋಹ, ಯಾವುದನ್ನು ಕೊಟ್ಟರೆ ಪರವಾಗಿಲ್ಲ ಎಂಬ ಪ್ರಶ್ನೆ ಬಂದದ್ದು ಜೀವದ ಮೇಲೆ. ಗ್ರಂಥ ಒಪ್ಪಿಸಿದವರನ್ನು ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಆಫ್ರಿಕಾದ ಚರ್ಚು ಮುಂದೆ ಎರಡಾಗಿ ಒಡೆಯಿತು. ಸಿರ್ಟಾ ಊರಿಗೆ ಕೆಲವೇ ವರ್ಷಗಳಲ್ಲಿ ಕಾನ್‌ಸ್ಟಂಟೈನನ ಹೆಸರನ್ನೇ ಇಟ್ಟರು. ಅಲ್ಜೀರಿಯಾದಲ್ಲಿ ಅದಕ್ಕೆ ಈಗಲೂ ಅದೇ ಹೆಸರು.

ನೈಸಿಯಾ ಕಾಲದ ನಿಜವಾದ ಚಿತ್ರವನ್ನು ಯೂಸೀಬಿಯಸ್ ಕೊಡುತ್ತಾನೆ. ನಾಲ್ಕು ಸುವಾರ್ತೆ, ಅಪೊಸ್ತಲರ ಕೃತ್ಯಗಳು, ಪೌಲನ ಪತ್ರಗಳು, ಪೇತ್ರನ ಮೊದಲ ಪತ್ರ, ಯೋಹಾನನ ಮೊದಲ ಪತ್ರ ಎಲ್ಲರೂ ಒಪ್ಪಿದವು. ಯಾಕೋಬ, ಯೂದ, ಪೇತ್ರನ ಎರಡನೆಯದು, ಯೋಹಾನನ ಎರಡು ಮೂರನೆಯವು ಕೆಲವರು ಒಪ್ಪಿದ, ಕೆಲವರು ಅನುಮಾನಿಸಿದ ಪತ್ರಗಳು. ಪ್ರಕಟನೆ ಎಂಬ ಕೊನೆಯ ಪುಸ್ತಕವನ್ನು ಎಲ್ಲಿ ಹಾಕುವುದು ಎಂದು ಅವನಿಗೇ ತೋಚಿಲ್ಲ. ಒಪ್ಪಿದ ಪಟ್ಟಿಯಲ್ಲೂ ಹಾಕಬಹುದು, ಒಪ್ಪದ್ದರಲ್ಲೂ ಹಾಕಬಹುದು ಎಂದು ಎರಡೂ ಕಡೆ ಬರೆದಿಟ್ಟ! ಅಂದರೆ ನಡುಭಾಗ ಗಟ್ಟಿಯಾಗಿತ್ತು, ಅಂಚು ಇನ್ನೂ ಹಸಿಯಾಗಿತ್ತು.

ಹೊಸ ಒಡಂಬಡಿಕೆಯಲ್ಲಿ ಈಗಿರುವ 27 ಪುಸ್ತಕಗಳು, ಒಂದೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಮೊದಲು ಕಾಣುವುದು 367ರಲ್ಲಿ. ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಈಸ್ಟರಿಗೆ ಮುಂಚೆ ತನ್ನ ಚರ್ಚುಗಳಿಗೆ ಬರೆದ ಪತ್ರದಲ್ಲಿ ಆ ಪಟ್ಟಿ ಇದೆ. ಆಗ ಕಾನ್‌ಸ್ಟಂಟೈನ್ ಸತ್ತು 30 ವರ್ಷವಾಗಿತ್ತು. ಊರ ಜನ ನಡೆದು ನಡೆದು ಆದ ಕಾಲುದಾರಿಗೆ ಪಂಚಾಯ್ತಿಯವರು ಬಂದು ಬೋರ್ಡು ನೆಟ್ಟ ಹಾಗೆ ಅದು. 397ರಲ್ಲಿ ಕಾರ್ಥೇಜಿನ ಸಭೆ ಅದೇ 27ನ್ನು ಒಪ್ಪಿತು. ಅದೂ ಆಫ್ರಿಕಾದ ಬಿಷಪರ ಸಭೆ, ಲೋಕದ ಎಲ್ಲ ಚರ್ಚುಗಳದ್ದಲ್ಲ.

ಬಿಟ್ಟ ಪುಸ್ತಕಗಳಲ್ಲಿ ಏನೋ ದೊಡ್ಡ ಗುಟ್ಟು ಇತ್ತು ಎಂಬ ಆಸೆ ಎಲ್ಲರಿಗೂ ಇರುತ್ತದೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಒಂದು ಮಡಕೆಯೊಳಗೆ 13 ಹಳೆಯ ಪುಸ್ತಕಗಳು ಸಿಕ್ಕವು. ಅವುಗಳಲ್ಲಿ ಯೇಸುವಿನ 114 ಮಾತುಗಳಿರುವ 'ತೋಮನ ಸುವಾರ್ತೆ'ಯೂ ಇದೆ. ಈಗ ಯಾರು ಬೇಕಾದರೂ ಓದಬಹುದು. ಅದರಲ್ಲಿ ಕೆಲವು ಮಾತುಗಳು ಹಳೆಯವಿರಬಹುದು ಎಂದು ಗಂಭೀರವಾಗಿ ವಾದಿಸುವವರಿದ್ದಾರೆ. ಆದರೆ ಅದರಲ್ಲಿ ಕಥೆಯೇ ಇಲ್ಲ, ಯೇಸುವನ್ನು ಶಿಲುಬೆಗೆ ಹಾಕಿದ ಪ್ರಸಂಗವೂ ಇಲ್ಲ. ಬಾಲಯೇಸು ಮಣ್ಣಿನ ಗುಬ್ಬಚ್ಚಿ ಮಾಡಿ ಹಾರಿಸಿದ, ತನ್ನನ್ನು ತಳ್ಳಿದ ಹುಡುಗನನ್ನು ಶಪಿಸಿ ಸಾಯಿಸಿದ ಎಂಬ ಬಾಲ್ಯಕಥೆಯ ಬೇರೆ ಪುಸ್ತಕವೂ ಒಂದಿದೆ. ಅದನ್ನು ಓದಿದರೆ ಯಾಕೆ ಬಿಟ್ಟರು ಎಂದು ಯಾರೂ ಕೇಳುವುದಿಲ್ಲ. ನನಗೆ ಬೇಸರವಾಗುವುದು ಹೆರ್ಮಾಸನ 'ಕುರುಬ' ಎಂಬ ಪುಸ್ತಕದ ಬಗ್ಗೆ. ಅದರಲ್ಲಿ ತಪ್ಪು ಬೋಧನೆ ಇದೆ ಎಂದು ಬಿಟ್ಟದ್ದಲ್ಲ. ಜನ ಅದನ್ನು ಬಹಳ ಪ್ರೀತಿಸುತ್ತಿದ್ದರು. 4ನೇ ಶತಮಾನದ 'ಸಿನಾಯ್ ಪ್ರತಿ' ಎಂಬ ಕೈಬರಹದ ಬೈಬಲಿನಲ್ಲಿ, ಈಗ ಅದರ ಹೆಚ್ಚಿನ ಹಾಳೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಪ್ರಕಟನೆಯ ನಂತರ ಅದೂ ಇದೆ. ಇತ್ತೀಚೆಗೆ ಬರೆದದ್ದು, ಅಪೊಸ್ತಲರ ಕಾಲದ್ದಲ್ಲ ಎಂಬುದೇ ಅದರ ಮೇಲಿದ್ದ ಮುಖ್ಯ ಆಕ್ಷೇಪ.

ಇನ್ನು 66, 73ರ ಲೆಕ್ಕ. ಈ ವ್ಯತ್ಯಾಸ ಇರುವುದು ಹಳೆಯ ಒಡಂಬಡಿಕೆಯಲ್ಲಿ. ಹೊಸದರಲ್ಲಿ ಇಬ್ಬರದೂ 27. ಯೇಸುವಿಗಿಂತ ಮೊದಲೇ ಅಲೆಕ್ಸಾಂಡ್ರಿಯಾದ ಯೆಹೂದ್ಯರು ತಮ್ಮ ಗ್ರಂಥಗಳನ್ನು ಗ್ರೀಕಿಗೆ ತಂದಿದ್ದರು. ಆ ಗ್ರೀಕ್ ಸಂಗ್ರಹದ ಜೊತೆ ತೋಬಿತ, ಯೂದಿತ, ಸೊಲೊಮೋನನ ಜ್ಞಾನದ ಪುಸ್ತಕ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕಗಳು ಓಡಾಡುತ್ತಿದ್ದವು. ಮೊದಲ ಕ್ರೈಸ್ತರು ಓದಿದ್ದು ಗ್ರೀಕನ್ನೇ. ಯೆಹೂದ್ಯರ ಹೀಬ್ರೂ ಗ್ರಂಥದಲ್ಲಿ ಇವು ಸೇರಲಿಲ್ಲ. 4ನೇ ಶತಮಾನದ ಕೊನೆಗೆ ಲ್ಯಾಟಿನ್ನಿಗೆ ಅನುವಾದಿಸಿದ ಜೆರೋಮ್ ಹೀಬ್ರೂವಿನಲ್ಲಿ ಇದ್ದದ್ದೇ ಪ್ರಮಾಣ ಎಂದ. ಅವನ ಕಾಲದವನೇ ಆದ ಆಫ್ರಿಕಾದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ. ಸಾವಿರ ವರ್ಷ ಆ ಪುಸ್ತಕಗಳು ಬೈಬಲಿನಲ್ಲೇ ಇದ್ದವು. 1534ರಲ್ಲಿ, ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ತನ್ನ ಜರ್ಮನ್ ಬೈಬಲಿನಲ್ಲಿ ಅವನ್ನು ಬೇರೆ ಮಾಡಿ ಎರಡು ಒಡಂಬಡಿಕೆಗಳ ನಡುವೆ ಇಟ್ಟ. ಓದಲು ಒಳ್ಳೆಯವು, ಆದರೆ ಸರಿಸಮ ಅಲ್ಲ ಎಂದ. 1546ರಲ್ಲಿ ಟ್ರೆಂಟ್ ಸಭೆಯಲ್ಲಿ ಕ್ಯಾಥೊಲಿಕರು ಇವೂ ಗ್ರಂಥವೇ ಎಂದು ಮುದ್ರೆ ಒತ್ತಿದರು. ನೈಸಿಯಾದಲ್ಲಿ ಆಯಿತು ಎಂದು ಜನ ಅಂದುಕೊಂಡಂಥ ಪಟ್ಟಿ-ಮುದ್ರೆಯ ಕೆಲಸ ನಿಜಕ್ಕೂ ನಡೆದದ್ದು ಇಲ್ಲಿ, 1,200 ವರ್ಷಗಳ ಮೇಲೆ.

ಕನ್ನಡಕ್ಕೆ ಪೂರ್ತಿ ಬೈಬಲ್ ತಂದವರು 19ನೇ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು. ಅವರು ಪ್ರೊಟೆಸ್ಟಂಟರು. ಹಾಗಾಗಿ 'ಸತ್ಯವೇದ' ಎಂದರೆ 66 ಪುಸ್ತಕ ಎಂದು ನಮ್ಮಲ್ಲಿ ಬಹಳ ಜನಕ್ಕೆ ರೂಢಿಯಾಗಿದೆ. ನಿಮ್ಮ ಎರಡನೆಯ ಗೆಳೆಯ ಕ್ಯಾಥೊಲಿಕ್ ಇರಬೇಕು.

ಯಾವುದು ಸರಿ ಎಂದು ಕೇಳಿದ್ದೀರಿ. ಇತಿಹಾಸದವನಾಗಿ ನಾನು ಅದಕ್ಕೆ ತೀರ್ಪು ಕೊಡಲಾರೆ. ಅದು ಆಯಾ ಚರ್ಚಿನ ನಂಬಿಕೆಗೆ ಸೇರಿದ್ದು. ಆದರೆ ಲೋಕದಲ್ಲಿ ಎರಡೇ ಲೆಕ್ಕ ಇಲ್ಲ ಎಂದು ಮಾತ್ರ ಹೇಳಬಲ್ಲೆ. ಇಥಿಯೋಪಿಯಾದ ಚರ್ಚು 81 ಪುಸ್ತಕ ಎಣಿಸುತ್ತದೆ. ಪಕ್ಕದ ಕೇರಳದ ಸಂತ ತೋಮನ ಕ್ರೈಸ್ತರು ಓದುತ್ತಿದ್ದ ಹಳೆಯ ಸಿರಿಯಾಕ್ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಇದ್ದದ್ದು 22 ಪುಸ್ತಕ. ಪೇತ್ರನ ಎರಡನೆಯದು, ಯೋಹಾನನ ಎರಡು ಮೂರನೆಯವು, ಯೂದ, ಪ್ರಕಟನೆ ಅದರಲ್ಲಿ ಇರಲಿಲ್ಲ. ಯೂಸೀಬಿಯಸ್ ಅನುಮಾನದಲ್ಲಿಟ್ಟ ಹೆಸರುಗಳೇ ಹೆಚ್ಚು ಕಡಿಮೆ! 1599ರಲ್ಲಿ ಉದಯಂಪೇರೂರಿನಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್ ಮೆನೆಜಿಸ್ ಸಭೆ ಕರೆದು, ಬಿಟ್ಟುಹೋದ ಪುಸ್ತಕಗಳನ್ನು ಸೇರಿಸಬೇಕೆಂದು ಅವರಿಗೆ ಆಜ್ಞೆ ಮಾಡಿದ.

ಓದಲು ಹೊರಟಿದ್ದರೆ ಪುಟದ ಕ್ರಮ ಬಿಟ್ಟುಬಿಡಿ. ಮೊದಲು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ, ಐದೇ ಚಿಕ್ಕ ಅಧ್ಯಾಯ. ಆಮೇಲೆ ಕೊರಿಂಥದವರ ಮೊದಲ ಪತ್ರದ 15. ಆಮೇಲೆ ಮಾರ್ಕನನ್ನು ಒಂದೇ ಕೂತಿನಲ್ಲಿ ಓದಿ, ಎರಡು ಗಂಟೆಯೂ ಬೇಕಾಗುವುದಿಲ್ಲ. ಅದರ 16ನೇ ಅಧ್ಯಾಯದ 8ನೇ ವಚನಕ್ಕೆ ಬಂದಾಗ ಅಡಿಟಿಪ್ಪಣಿ ನೋಡಿ. ಅತಿ ಹಳೆಯ ಎರಡು ದೊಡ್ಡ ಪ್ರತಿಗಳು ಅಲ್ಲಿಗೇ ನಿಲ್ಲುತ್ತವೆ. ಮುಂದಿನ ವಚನಗಳು ಹೇಗೆ ಬಂದವು ಎಂಬ ಪ್ರಶ್ನೆ ನಿಮಗೂ ಏಳುತ್ತದೆ. ಎದ್ದರೆ ಇನ್ನೊಂದು ಪತ್ರ ಬರೆಯಿರಿ.